ಗೂಟದಲ್ಲಿ ಇಲ್ಲದ ಕೋಟು

ನನ್ನ ತಮ್ಮನನ್ನು ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಗುಮ್ಮ ಅಂತಲೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಮುಖ. ಬೆಳಿಗ್ಗೆ ಎದ್ದರೆ ಯಾರೋ ಆಸ್ತಿ ಬರೆಸಿಕೊಂಡು ಓಡಿಹೋದರೇನೋ ಅನ್ನುವ ಹಾಗೆ ಕೂತಿರುತ್ತಾನೆ. ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಾನು ಹತ್ತು ಮಾತು ಖರ್ಚು ಮಾಡಬೇಕು. ಆಳು ಗಿಡ್ಡ, ಭುಜ ಅಗಲ, ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ನನ್ನ ಗಂಡ ಕೈಕೊಟ್ಟು ಹೋದಾಗ ಊರೆಲ್ಲ ಬಂದು ಸಮಾಧಾನ ಹೇಳಿ ಹೋಯಿತು, ಇವನೊಬ್ಬ ಬಂದು ‘ಅಕ್ಕ, ಪೆಟ್ಟಿಗೆ ಕಟ್ಟು’ ಎಂದು ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದ. ತಾನು ಕೆಲಸ ಮಾಡುವ ಕಡೆಯೇ ನನಗೂ ಒಂದು ಕೆಲಸ ಹಿಡಿದುಕೊಟ್ಟ. ಕನ್ವೇಯರ್ ಬೆಲ್ಟಿನ ಮುಂದೆ ನಿಂತು ಹುಳುಕು ಬಟಾಣಿ ಆರಿಸುವ ಕೆಲಸ. ಕಣ್ಣು ಚುರುಕಿರಬೇಕು, ಬಾಯಿ ಸುಮ್ಮನಿರಬೇಕು. ನನಗೆ ಮೊದಲನೆಯದು ಮಾತ್ರ ಬರುತ್ತಿತ್ತು.

ತಮ್ಮನ ಕೆಲಸ ಮೂರನೇ ಚೇಂಬರಿನಲ್ಲಿ. ಹೆಪ್ಪುಗಟ್ಟಿದ ಮಾಲಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸುವುದು, ಲಾರಿ ಬಂದಾಗ ಇಳಿಸುವುದು. ಉಸಿರು ಬಿಟ್ಟರೆ ಮೀಸೆಯ ಮೇಲೆ ಮಂಜು ಕೂರುವಂಥ ಚಳಿ. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ದಪ್ಪ ಕೋಟು ಕೊಟ್ಟಿದ್ದರು. ಕೋಟಿನ ಬೆನ್ನಿಗೆ ನಂಬರು, ಆಫೀಸಿನ ಹೊರಗೋಡೆಯಲ್ಲಿ ಅದೇ ನಂಬರಿನ ಗೂಟ. ಒಳಗೆ ಹೋಗುವವನು ಕೋಟು ತೊಟ್ಟು ಹೋಗಬೇಕು, ಬಂದವನು ಅದೇ ಗೂಟಕ್ಕೆ ನೇತುಹಾಕಬೇಕು. ಗೂಟ ಖಾಲಿಯಿದ್ದರೆ ಆಳು ಒಳಗೆ, ಕೋಟು ತೂಗುತ್ತಿದ್ದರೆ ಆಳು ಹೊರಗೆ. ಸೂಪರ್‌ವೈಸರ್ ಚೇಂಬರಿನ ಬಾಗಿಲಿಗೆ ಚಿಲಕ ಹಾಕುವ ಮುನ್ನ ನೋಡುತ್ತಿದ್ದದ್ದು ಆ ಗೋಡೆಯನ್ನೇ. ಒಳಗಿನಿಂದ ಬಾಗಿಲು ತೆಗೆಯುವ ಹಿಡಿ ಒಂದಿತ್ತು, ಆದರೆ ಚಿಲಕ ಬಿದ್ದರೆ ಇಲ್ಲವೇ ಮಂಜುಗಟ್ಟಿ ಕಚ್ಚಿಕೊಂಡರೆ ಹೊರಗಿನಿಂದ ಯಾರಾದರೂ ಬಂದು ತೆಗೆಯಬೇಕಿತ್ತು. ಹಾಗಾಗಿ ಇನ್ನೊಬ್ಬರ ಕೋಟು ತೊಡುವುದನ್ನು ಮಾತ್ರ ಅಲ್ಲಿ ಯಾರೂ ಕ್ಷಮಿಸುತ್ತಿರಲಿಲ್ಲ.

ಅದೇ ಚೇಂಬರಿನಲ್ಲಿ ತಮ್ಮನ ಜೋಡಿಯಾಗಿ ಕೆಲಸ ಮಾಡುತ್ತಿದ್ದವನು ಉದ್ದಣ್ಣ. ಅವನು ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡೇ ಒಳಗೆ ಕಾಲಿಡುತ್ತಿದ್ದ. ‘ಅಕ್ಕಾ, ಈ ಮನೇನ ಕುಳ್ಳರೇ ಕಟ್ಟಿದ್ದು’ ಎನ್ನುತ್ತಿದ್ದ. ಸೋರುವ ನಲ್ಲಿ ನೋಡಿದರೆ ಕೈ ತಡೆಯುತ್ತಿರಲಿಲ್ಲ ಅವನಿಗೆ. ನಲ್ಲಿ ಬಿಚ್ಚಿ, ಅಡುಗೆಮನೆ ತುಂಬ ನೀರು ಮಾಡಿ, ಕೊನೆಗೆ ಸರಿಯನ್ನೂ ಮಾಡಿ ಹೋಗುತ್ತಿದ್ದ. ಅವನಿದ್ದ ಹೊತ್ತು ನನ್ನ ತಮ್ಮ ನಗುತ್ತಿದ್ದ. ಹಲ್ಲು ಕಾಣುವ ಹಾಗೆ ನಗುತ್ತಿದ್ದ! ಇವನಿಗೆ ಇಷ್ಟು ಹಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಒಳ್ಳೇ ಗೆಳೆತನ ಅಂದುಕೊಂಡು ನಾನೂ ಖುಷಿಪಟ್ಟೆ.

ಒಂದು ರಜೆಯ ದಿನ ತಮ್ಮ ಕೋಟನ್ನು ಒಗೆಯಲು ಮನೆಗೆ ತಂದ. ನೀರಿಗೆ ಹಾಕುವಾಗ ನೋಡುತ್ತೇನೆ, ತೋಳು ನನ್ನ ತಮ್ಮನ ಮಂಡಿ ಮುಟ್ಟುವಷ್ಟು ಉದ್ದ.

‘ಇದು ಯಾರದ್ದೋ?’

‘ಉದ್ದಣ್ಣಂದು.’

‘ನಿಂದೆಲ್ಲಿ?’

‘ಅವನ ಹತ್ರ.’

‘ಯಾಕೆ?’

ಅವನ ಕಿವಿ ಮಾತ್ರ ಕೆಂಪಗಾಯಿತು. ನಾನು ಬಿಡುವವಳೇ? ಮತ್ತೆ ಮತ್ತೆ ಕೇಳಿದೆ. ಕೊನೆಗೆ ಗೋಡೆ ಕಡೆ ತಿರುಗಿ ಹೇಳಿದ, ‘ಅವನದು ಹಾಕ್ಕೊಂಡ್ರೆ ನಂಗೆ ಚಳಿ ಆಗಲ್ಲ. ಅವನಿಗೂ ಹಾಗೇ ಅಂತೆ.’

ಗುಮ್ಮನ ಬಾಯಲ್ಲಿ ಅಷ್ಟು ಬಂದರೆ ಬೇರೆಯವರು ಪುಟಗಟ್ಟಲೆ ಹೇಳಿದ ಹಾಗೆ. ಸೋಪು ಕೈಯಲ್ಲಿ ಹಿಡಿದೇ ಕೂತುಬಿಟ್ಟೆ. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ನನಗೆ ಮೊದಲು ಬಂದದ್ದು ಭಯ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತಿದ್ದಾನೆ ಎಂದು ಗೊತ್ತಾದಾಗ ಜನ ಅವನ ಹೊಲಿಗೆ ಮಿಷನ್ನನ್ನು ಮಹಡಿಯಿಂದ ರಸ್ತೆಗೆ ಎಸೆದರು. ಆಮೇಲೆ ಅವನನ್ನು ಎಳೆದುಕೊಂಡು ಬಂದರು. ಅವನು ಎಲ್ಲಿ ಹೋದ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನನ್ನ ಕಣ್ಣ ಮುಂದೆ ಆ ದರ್ಜಿಯ ಮುಖದ ಬದಲು ತಮ್ಮನ ಮುಖ ಬಂದು ನಿಂತಿತು.

‘ಎಲ್ಲೂ ಬಾಯಿ ಬಿಡಬೇಡ’ ಅಂದೆ.

‘ನಾನ್ಯಾವಾಗ ಬಿಟ್ಟಿದ್ದೀನಿ?’ ಅಂದ.

ಅದೂ ನಿಜವೇ. ಇಬ್ಬರೂ ಒಟ್ಟಿಗೇ ಒಳಗೆ ಹೋಗುತ್ತಿದ್ದರು, ಚೇಂಬರಿನಲ್ಲಿ ಕೋಟು ಬದಲಾಯಿಸಿಕೊಳ್ಳುತ್ತಿದ್ದರು, ಒಟ್ಟಿಗೇ ಹೊರಗೆ ಬರುತ್ತಿದ್ದರು. ಗೂಟ ಎರಡೂ ಖಾಲಿ, ಇಲ್ಲವೇ ಎರಡೂ ಭರ್ತಿ. ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಕೆಲಸದ ಹೆಂಗಸರು ಗುಸುಗುಸು ಅಂದರೆ ಬಟಾಣಿ ಬಿಟ್ಟು ಅವರ ಬಾಯನ್ನೇ ನೋಡುತ್ತಿದ್ದೆ. ಉದ್ದಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಿದರೆ ದೂರದಿಂದಲೇ ಕೆಮ್ಮುತ್ತಿದ್ದೆ. ನನ್ನ ಕೆಮ್ಮು ಕೇಳಿ ಕೇಳಿ ಸೂಪರ್‌ವೈಸರ್ ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಿ ಅಂದ.

ಹೀಗಿರುವಾಗ ಉದ್ದಣ್ಣನ ತಾಯಿ ಅವನಿಗೊಂದು ಹುಡುಗಿ ನೋಡಿದರು. ಗಂಡ ಸತ್ತ ಮೇಲೆ ಇದ್ದೊಬ್ಬ ಮಗನನ್ನು ಸಾಕಿದವರು. ಬಂದು ನೋಡಿಹೋಗು ಎಂದು ಹಟ ಹಿಡಿದರು. ಅವನು ಮಧ್ಯಾಹ್ನದ ಮೇಲೆ ರಜ ಕೇಳಿದ. ಅಂದು ಬೆಳಿಗ್ಗೆ ಅವರಿಬ್ಬರ ನಡುವೆ ಏನು ನಡೆಯಿತು ಅನ್ನುವುದು ನನಗೆ ತಿಳಿದದ್ದು ಆಮೇಲೆ.

‘ಅಮ್ಮನ ಬಾಯಿ ಮುಚ್ಚಿಸೋಕೆ ಒಂದು ಸಲ ಹೋಗಿ ಬರ್ತೀನಿ ಕಣೋ’ ಎಂದನಂತೆ ಉದ್ದಣ್ಣ.

‘ಹೋಗು. ಹೋದ್ರೆ ಮತ್ತೆ ಈ ಕಡೆ ತಲೆ ಹಾಕಬೇಡ’ ಎಂದನಂತೆ ನನ್ನ ತಮ್ಮ. ಅಪರೂಪಕ್ಕೆ ಬಾಯಿ ಬಿಟ್ಟರೆ ಬರುವುದು ಇಂಥದ್ದೇ.

ಮಧ್ಯಾಹ್ನ ಉದ್ದಣ್ಣ ಒಳ್ಳೆಯ ಅಂಗಿ ತೊಟ್ಟು ಗೇಟಿನ ಕಡೆ ನಡೆದದ್ದನ್ನು ನಾನೂ ನೋಡಿದೆ. ತಮ್ಮನನ್ನು ಹಿಂದುಗಡೆ ಲಾರಿಗೆ ಮಾಲು ತುಂಬಲು ಹಾಕಿದ್ದರು. ಮುಖ ಊದಿಸಿಕೊಂಡು, ಪೆಟ್ಟಿಗೆಗಳ ಮೇಲೆ ಹಗೆಯಿರುವವನ ಹಾಗೆ ಎತ್ತಿ ಎತ್ತಿ ಹಾಕುತ್ತಿದ್ದ.

ನಮ್ಮ ಊಟ ಮುಗಿದು ಬೆಲ್ಟು ಮತ್ತೆ ಓಡಲು ಶುರುವಾಗಿತ್ತು. ಮೊದಲು ವಾಸನೆ ಬಂತು. ಮೂಗಿಗೆ ಸೂಜಿ ಚುಚ್ಚಿದಂಥ ಗಾಟು. ಅಮೋನಿಯಾ! ಚೇಂಬರುಗಳನ್ನು ತಣ್ಣಗಿಡುವ ಗ್ಯಾಸು ಅದು, ಪೈಪಿನೊಳಗಿದ್ದರೆ ಅನ್ನ ಕೊಡುತ್ತದೆ, ಹೊರಗೆ ಬಂದರೆ ಕಣ್ಣು, ಗಂಟಲು, ಎದೆ ಎಲ್ಲ ಸುಡುತ್ತದೆ. ಸೈರನ್ ಕೂಗಿತು. ಬಟ್ಟೆಯಿಂದ ಮೂಗು ಮುಚ್ಚಿಕೊಂಡು ಬಿದ್ದೆವೋ ಎದ್ದೆವೋ ಅಂತ ಎಲ್ಲರೂ ಹೊರಗಿನ ಅಂಗಳಕ್ಕೆ ಓಡಿದೆವು. ಚೇಂಬರುಗಳ ಮುಂದಿನ ಕಾರಿಡಾರಿನಲ್ಲಿ ಪೈಪಿನ ಜಾಯಿಂಟು ಒಡೆದಿದೆ ಅಂದರು. ಕಾರಿಡಾರಿನ ಬಾಗಿಲ ಸಂದಿಯಿಂದ ಬಿಳಿ ಹೊಗೆ ಹರಿದು ಬರುತ್ತಿತ್ತು.

ಸೂಪರ್‌ವೈಸರ್ ಕೊನೆಯಲ್ಲಿ ಓಡಿಬಂದ. ಕಣ್ಣಲ್ಲಿ ಧಾರಾಕಾರ ನೀರು. ಆದರೂ ಮುಖದಲ್ಲಿ ಒಂದು ಸಮಾಧಾನವಿತ್ತು.

‘ಯಾರೂ ಒಳಗಿಲ್ಲ’ ಅಂದ. ‘ಗೋಡೆ ನೋಡಿಯೇ ಮೂರನೇದಕ್ಕೆ ಚಿಲಕ ಹಾಕಿ ಬಂದೆ. ಎಲ್ಲ ಕೋಟೂ ಗೂಟದಲ್ಲೇ ಇದೆ. ಗುಮ್ಮಂದೊಂದು ಇಲ್ಲ, ಅವನು ಹೇಗೂ ಲಾರಿ ಹತ್ರ ಇದ್ದ. ಏನಯ್ಯಾ, ಮತ್ತೆ ಒಗೆಯೋಕೆ ಮನೆಗೆ ತಗೊಂಡು ಹೋಗಿದ್ದೀಯಾ?’

 ತಮ್ಮನ ಮುಖದಿಂದ ರಕ್ತ ಇಳಿದುಹೋಗುವುದನ್ನು ನಾನು ನಿಂತಲ್ಲಿಂದಲೇ ನೋಡಿದೆ. ಕೋಟು ಮನೆಯಲ್ಲಿ ಇರಲಿಲ್ಲ. ಬೆಳಿಗ್ಗೆ ನನ್ನ ಎದುರಿಗೇ ಅದನ್ನು ಗೂಟಕ್ಕೆ ಹಾಕಿ ಲಾರಿಯ ಕಡೆ ಹೋಗಿದ್ದ. ಆ ಕೋಟಿಗೆ ಕೈ ಹಾಕುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ಹುಡುಗಿ ನೋಡಲು ಹೋಗಲಿಲ್ಲ, ಗೇಟಿನಿಂದ ಹಿಂದಿರುಗಿ ಬಂದಿದ್ದಾನೆ, ತಮ್ಮನ ಪಾಲಿನ ಕೆಲಸ ಮಾಡಿ ಮುಗಿಸಿ ಅವನ ಸಿಟ್ಟಿಳಿಸಲು ಒಳಗೆ ಹೋಗಿದ್ದಾನೆ. ಹೋಗುವಾಗ ರೂಢಿಯಂತೆ ಇವನ ಕೋಟು ತೊಟ್ಟಿದ್ದಾನೆ. ಅವನದು ಗೂಟದಲ್ಲೇ ತೂಗುತ್ತಾ ‘ಆಳು ಹೊರಗಿದ್ದಾನೆ’ ಎಂದು ಎಲ್ಲರಿಗೂ ಹೇಳುತ್ತಿತ್ತು.

ತಮ್ಮ ಉದ್ದಣ್ಣನಿಗೆ ಫೋನು ಮಾಡಿದ. ಸಂಪರ್ಕ ಸಿಗಲಿಲ್ಲ. ಆ ದಪ್ಪ ಗೋಡೆಗಳ ಒಳಗೆ ಯಾವತ್ತು ಸಿಕ್ಕಿತ್ತು?

‘ಉದ್ದಣ್ಣ ಒಳಗಿದ್ದಾನೆ’ ಅಂದ.

‘ಅವನು ರಜ ಹಾಕಿ ಹೋದನಲ್ಲ. ಅವನ ಕೋಟು ಗೂಟದಲ್ಲಿದೆ’ ಅಂದ ಸೂಪರ್‌ವೈಸರ್.

‘ನನ್ನ ಕೋಟಲ್ಲಿದ್ದಾನೆ. ಮಾಸ್ಕು ಕೊಡಿ ಸಾರ್.’

‘ನಿನ್ನ ಕೋಟನ್ನ ಅವನ್ಯಾಕೆ ಹಾಕ್ಕೋತಾನೆ? ತಲೆ ಕೆಟ್ಟಿದೆಯಾ? ಇರೋದು ಒಂದೇ ಗಾಳಿ ಸಿಲಿಂಡರು. ಊಹೆ ಮಾಡ್ಕೊಂಡು ಒಬ್ಬನನ್ನ ಆ ಹೊಗೆಗೆ ಕಳಿಸಲಾ? ಫೈರ್‌ನವರು ಬರ್ತಿದ್ದಾರೆ, ಬರಲಿ.’

ಸೂಪರ್‌ವೈಸರ್ ಕೆಟ್ಟವನಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಫೈರ್‌ನವರು ಬರಬೇಕಾದ್ದು ಪಟ್ಟಣದ ಆ ತುದಿಯಿಂದ. ಒಳಗಿದ್ದವನನ್ನು ಆ ಚಳಿ ಅಷ್ಟು ಹೊತ್ತು ಬಿಡುವುದೇ? ಗ್ಯಾಸು ಬಾಗಿಲಿನ ರಬ್ಬರಿನ ಸಂದಿಯಲ್ಲಿ ನುಗ್ಗದೆ ಇರುವುದೇ? ತಮ್ಮ ಸುತ್ತ ನಿಂತವರನ್ನು ಒಮ್ಮೆ ನೋಡಿದ. ಲಾರಿಯವರು, ಪ್ಯಾಕಿಂಗಿನವರು, ಬೆಲ್ಟಿನ ಹೆಂಗಸರು, ಗೇಟಿನವನು. ದಿನಾ ಮುಖ ನೋಡುವ ಜನ. ಹೇಳಬೇಡ ಕಣೋ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಕಿರುಚುತ್ತಿದ್ದರು. ಹೇಳೋ ಬೇಗ ಎಂದೂ ಅದೇ ಬಾಯಿ ಕಿರುಚುತ್ತಿತ್ತು.

‘ನಾವಿಬ್ಬರೂ ದಿನಾ ಬದಲಾಯಿಸ್ಕೋತೀವಿ’ ಅಂದ ತಮ್ಮ, ಎಲ್ಲರಿಗೂ ಕೇಳುವ ಹಾಗೆ. ‘ನನಗೆ ಅವನು ಬೇಕು, ಅವನಿಗೆ ನಾನು. ಅದಕ್ಕೇ. ನೀವೇನು ಬೇಕಾದ್ರೂ ಅನ್ಕೊಳ್ಳಿ. ಮೊದಲು ಮಾಸ್ಕು ಕೊಡಿ.’

ಯಾರೋ ಹಿಂದಿನಿಂದ ಕಿಸಕ್ಕೆಂದರು.  ಸೂಪರ್‌ವೈಸರ್ ನನ್ನ ಕಡೆ ತಿರುಗಿದ, ನಿಜವೋ ಸುಳ್ಳೋ ನಾನೇ ಹೇಳಬೇಕು ಅನ್ನುವ ಹಾಗೆ. ನಾನು ಇಲ್ಲ ಅಂದಿದ್ದರೆ ತಮ್ಮನ ಮರ್ಯಾದೆ ಉಳಿಯುತ್ತಿತ್ತು, ಉದ್ದಣ್ಣನ ಉಸಿರು ಹೋಗುತ್ತಿತ್ತು.

‘ನಿಜ ಸಾರ್’ ಅಂದೆ. ‘ಆ ಉದ್ದ ಕೋಟು ಒಗೆದವಳು ನಾನು. ಒಳಗೆ ಅವನೇ ಇರೋದು. ನಿಂತು ನೋಡೋದಾದ್ರೆ ಆಮೇಲೆ ನೋಡಿ ನಮ್ಮ ಮುಖಾನ. ಈಗ ಪೈಪು ಹಿಡೀರಿ!’

ಅದೆಲ್ಲಿತ್ತೋ ಆ ಗಂಟಲು! ಬೆಲ್ಟಿನ ಹೆಂಗಸರು ಓಡಿಹೋಗಿ ನೆಲ ತೊಳೆಯುವ ದೊಡ್ಡ ಪೈಪನ್ನು ಎಳೆದು ತಂದರು. ನೀರು ಬಿದ್ದರೆ ಆ ಗ್ಯಾಸು ತಗ್ಗುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಸೂಪರ್‌ವೈಸರ್ ಮರುಮಾತಿಲ್ಲದೆ ತಮ್ಮನ ಬೆನ್ನಿಗೆ ಸಿಲಿಂಡರ್ ಕಟ್ಟಿದ, ಮುಖಕ್ಕೆ ಮಾಸ್ಕು ಬಿಗಿದ, ಸೊಂಟಕ್ಕೆ ಹಗ್ಗ ಸುತ್ತಿದ. ಹಗ್ಗದ ಇನ್ನೊಂದು ತುದಿಯನ್ನು ತನ್ನ ಕೈಗೇ ಸುತ್ತಿಕೊಂಡ. ತಮ್ಮ ಒಂದು ಗೋಣಿಚೀಲವನ್ನು ನೀರಲ್ಲಿ ಅದ್ದಿ ಹೆಗಲಿಗೆ ಹಾಕಿಕೊಂಡ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅವನ ಕಾಲು ಹಿಡಿದುಬಿಡುತ್ತಿದ್ದೆನೋ ಏನೋ.

ಕಾರಿಡಾರಿನ ಬಾಗಿಲು ತೆಗೆದ ಕೂಡಲೇ ಬಿಳಿ ಹೊಗೆ ನಮ್ಮ ಮೇಲೆ ಬಿತ್ತು. ನಾನು ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ನೀರನ್ನು ಮಳೆಯ ಹಾಗೆ ಚಿಮ್ಮಿಸಿದೆ. ತಮ್ಮ ಅದರೊಳಗೆ ಹೊಕ್ಕ, ಕಾಣದಾದ. ಹಗ್ಗ ಸರಸರ ಒಳಗೆ ಹೋಯಿತು. ಆಮೇಲೆ ನಿಂತಿತು. ಚಿಲಕ ತೆಗೆದ ಸದ್ದು ಬಂತೋ, ಬಂತು ಅಂತ ನನಗೆ ಅನಿಸಿತೋ. ಕಣ್ಣು ಉರಿಯುತ್ತಿತ್ತು, ಉಸಿರು ಎಳೆದರೆ ಎದೆಗೆ ಖಾರ ಸುರಿದ ಹಾಗಿತ್ತು. ಹಿಂದಿನಿಂದ ಯಾರೋ ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ನಾನು ಮೊಣಕೈಯಲ್ಲಿ ತಿವಿದೆ. ಅದು ಯಾರಿಗೆ ತಾಗಿತೋ ಇಂದಿಗೂ ವಿಚಾರಿಸಿಲ್ಲ.

ಹಗ್ಗ ಸಡಿಲವಾಯಿತು.

‘ಬಿದ್ದನೋ ಏನೋ’ ಅಂದ ಸೂಪರ್‌ವೈಸರ್, ಮೆಲ್ಲಗೆ, ತನಗೇ ಎಂಬಂತೆ. ಹಗ್ಗವನ್ನು ಜಗ್ಗಿ ನೋಡಿದ. ಆ ಕಡೆಯಿಂದ ಏನೂ ಇಲ್ಲ. ನಾನು ದೇವರಿಗೆ ಬೈದೆ. ತಮ್ಮನಿಗೆ ಬೈದೆ. ಗೇಟು ದಾಟಿ ಹೋಗಲಾರದೆ ಹಿಂದಿರುಗಿದ ಆ ಉದ್ದ ಮನುಷ್ಯನಿಗೆ ಬೈದೆ. ಪೈಪು ಮಾತ್ರ ಬಿಡಲಿಲ್ಲ.

ಹೊಗೆಯಲ್ಲಿ ಮೊದಲು ಕಂಡದ್ದು ಮಾಸ್ಕು. ತಮ್ಮ ಬಂದ ಎಂದುಕೊಂಡೆ. ಆದರೆ ಮಾಸ್ಕು ಅಷ್ಟು ಎತ್ತರದಲ್ಲಿ ಇರಬಾರದಿತ್ತು. ಅದು ಉದ್ದಣ್ಣನ ಮುಖದ ಮೇಲಿತ್ತು. ಅವನ ಕಾಲುಗಳು ನೆಲದ ಮೇಲೆ ಎಳೆದಾಡುತ್ತಿದ್ದವು, ಗಿಡ್ಡ ಕೋಟಿನ ತೋಳಿನಿಂದ ಹೊರಗೆ ಚಾಚಿದ ಮುಂಗೈಗಳು ಬೆಳ್ಳಗೆ ಮೇಣದ ಹಾಗಿದ್ದವು. ಅವನ ಕಂಕುಳ ಕೆಳಗೆ ನನ್ನ ತಮ್ಮ. ಸಿಲಿಂಡರನ್ನು ಒಂದು ಕೈಯಲ್ಲಿ ತಬ್ಬಿದ್ದ, ಮುಖಕ್ಕೆ ಆ ಒದ್ದೆ ಗೋಣಿ ಸುತ್ತಿಕೊಂಡಿದ್ದ, ದಾರಿ ಕಾಣದೆ ಹಗ್ಗವನ್ನೇ ತಡಕುತ್ತಾ ಬರುತ್ತಿದ್ದ. ಜನ ನುಗ್ಗಿ ಇಬ್ಬರನ್ನೂ ಎಳೆದುಕೊಂಡರು. ಕಿಸಕ್ಕೆಂದವರೂ ಅವರಲ್ಲಿ ಇದ್ದಿರಬೇಕು. ತಮ್ಮ ಗೋಣಿ ಕಿತ್ತೆಸೆದು ಎರಡು ಕೈಯಲ್ಲಿ ಕಣ್ಣು ಒತ್ತಿಕೊಂಡು ಕಿರುಚಿದ. ನಾನು ಪೈಪನ್ನು ನೇರ ಅವನ ಮುಖಕ್ಕೆ ತಿರುಗಿಸಿದೆ. ಆಂಬುಲೆನ್ಸು ಬರುವವರೆಗೂ ನಿಲ್ಲಿಸಲಿಲ್ಲ. ಅದೊಂದನ್ನು ಸರಿಯಾಗಿ ಮಾಡಿದೆ ಎಂದು ಆಮೇಲೆ ಡಾಕ್ಟರು ಹೇಳಿದರು.

ಆಸ್ಪತ್ರೆಯಲ್ಲಿ ತಮ್ಮನ ಎರಡು ಕಣ್ಣಿಗೂ ಪಟ್ಟಿ ಕಟ್ಟಿದರು. ದೃಷ್ಟಿ ಉಳಿಯುತ್ತದೆಯೋ ಇಲ್ಲವೋ ಬಿಚ್ಚುವ ತನಕ ಹೇಳಲಾಗದು ಅಂದರು. ಅವನಿಗೆ ತನ್ನ ಕಣ್ಣಿನ ಚಿಂತೆಯೇ ಇರಲಿಲ್ಲ.

‘ಅವನು ಹೇಗಿದ್ದಾನೆ?’

‘ಚೆನ್ನಾಗಿದ್ದಾನೆ.’

‘ನೋಡಿದ್ಯಾ?’

‘ನೋಡಿದೆ.’

‘ಸುಳ್ಳು. ಅಪ್ಪ ಹೋದಾಗಲೂ ಚೆನ್ನಾಗಿದ್ದಾರೆ ಅಂತಲೇ ಹೇಳಿ ನನ್ನನ್ನ ಸ್ಕೂಲಿಗೆ ಕಳಿಸಿದ್ದೆ.’

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಯಾಕೆಂದರೆ ಅವನು ಹೇಳಿದ್ದು ನಿಜ. ಉದ್ದಣ್ಣನನ್ನು ಇಟ್ಟಿದ್ದ ವಾರ್ಡಿಗೆ ನನ್ನನ್ನು ಬಿಟ್ಟಿರಲಿಲ್ಲ. ಅವನ ತಾಯಿ ಬಾಗಿಲಲ್ಲೇ ಕಾವಲು ಕೂತಿದ್ದರು. ಸಣ್ಣ ಜೀವ, ಮಗ ಯಾರ ಹಾಗೆ ಅಷ್ಟುದ್ದ ಬೆಳೆದನೋ. ನನ್ನನ್ನು ಕಂಡೊಡನೆ ಎದ್ದು ನಿಂತರು.

‘ನಿಮ್ಮ ತಮ್ಮನಿಂದಲೇ ನನ್ನ ಮಗ ಆ ಸಾವಿನ ಮನೆಯೊಳಗೆ ಹೋಗಿದ್ದು.’

‘ಹೌದಮ್ಮ. ನಮ್ಮ ತಮ್ಮನಿಂದಲೇ ಹೊರಗೂ ಬಂದಿದ್ದು.’

ಅವರು ವಾರ್ಡಿನ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡರು. ‘ಜನ ಏನೇನೋ ಆಡ್ಕೋತಿದ್ದಾರೆ. ಅದೆಲ್ಲ ಸುಳ್ಳು ಅಂತ ನೀವಾದ್ರೂ ಹೇಳಿ.’

ಸುಳ್ಳು ಹೇಳಿ ಜನರ ಹೊಟ್ಟೆ ತಣ್ಣಗೆ ಮಾಡುವುದರಲ್ಲಿ ನನಗೆ ಅಭ್ಯಾಸವಿದೆ. ಆದರೂ ಅಂದು ನಾಲಿಗೆ ಹೊರಳಲಿಲ್ಲ. ‘ಸುಳ್ಳಲ್ಲ’ ಅಂದೆ. ಅವರು ಬೆಂಚಿನ ಮೇಲೆ ಕುಸಿದು ಕೂತರು. ನಾನು ಪಕ್ಕದಲ್ಲಿ ಕೂರಲು ಹೋದರೆ ಕೈ ಅಡ್ಡ ಮಾಡಿದರು. ಹಿಂದಿರುಗಿ ಬಂದೆ. ತಮ್ಮ ಮತ್ತೆ ಕೇಳಿದ, ನಾನು ಮತ್ತೆ ಚೆನ್ನಾಗಿದ್ದಾನೆ ಅಂದೆ. ಅವನು ಗೋಡೆ ಕಡೆ ತಿರುಗಿದ. ಊಟ ಬಿಟ್ಟ. ಸತ್ತಿದ್ದಾನೆ, ಅಕ್ಕ ಮುಚ್ಚಿಡುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡುಬಿಟ್ಟ.

ಪಟ್ಟಿ ಬಿಚ್ಚುವ ಹಿಂದಿನ ದಿನ ಸಂಜೆ ಬಾಗಿಲ ಬಳಿ ಚಪ್ಪಲಿ ಸದ್ದಾಯಿತು. ನೋಡಿದರೆ ಆ ತಾಯಿ, ಅವರ ಹೆಗಲು ಹಿಡಿದುಕೊಂಡು ಉದ್ದಣ್ಣ. ಚಳಿ ಕಚ್ಚಿದ ಎರಡು ಕೈಗೂ ಮೊಣಕೈವರೆಗೆ ಬ್ಯಾಂಡೇಜು, ಗಂಟಲು ಸುಟ್ಟು ಮಾತು ನಿಂತಿತ್ತು.

‘ಕಣ್ಣು ಬಿಟ್ಟಾಗಿನಿಂದ ಇವನದು ಒಂದೇ ಹಟ. ಒಂದು ಲೋಟ ನೀರೂ ಮುಟ್ತಿಲ್ಲ’ ಅಂದರು ತಾಯಿ, ನನ್ನ ಮುಖ ನೋಡದೆ. ‘ಒಂದು ಸಲ ತೋರಿಸಿ ಕರ್ಕೊಂಡು ಹೋಗ್ತೀನಿ. ಒಂದೇ ಸಲ.’

‘ನೋಡೋ, ಉದ್ದಣ್ಣ ಬಂದಿದ್ದಾನೆ’ ಅಂದೆ ತಮ್ಮನಿಗೆ.

‘ಸಾಕು ಮಾಡಕ್ಕಾ’ ಅಂದ. ದನಿ ಸತ್ತಿತ್ತು.

ಇವನಿಗೆ ಕಣ್ಣಿಲ್ಲ, ಅವನಿಗೆ ಬಾಯಿಲ್ಲ. ಏನು ಮಾಡಲಿ? ಉದ್ದಣ್ಣ ಮಂಚದ ಪಕ್ಕ ಮೊಣಕಾಲೂರಿದ. ಬ್ಯಾಂಡೇಜಿನ ಕೈಯಿಂದ ಹಿಡಿಯಲು ಆಗದೆ, ತಲೆ ಬಾಗಿಸಿ ತನ್ನ ಕೆನ್ನೆಯನ್ನು ತಮ್ಮನ ಅಂಗೈಗೆ ತಂದಿಟ್ಟ. ತಮ್ಮನ ಬೆರಳುಗಳು ಮೊದಲು ಬೆಚ್ಚಿದವು. ಆಮೇಲೆ ಕಿವಿಗೆ ಹೋದವು, ಹುಬ್ಬಿಗೆ ಹೋದವು, ಮೂಗು ತಡವಿದವು. ಪಟ್ಟಿಯ ಕೆಳಗಿನಿಂದ ನೀರು ಇಳಿಯತೊಡಗಿತು. ಕಣ್ಣಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು, ತಡೆಯಲು ನನಗೆ ಮನಸ್ಸಾಗಲಿಲ್ಲ.

‘ಹೋಗಿಬಿಡಬಾರದಿತ್ತೇನೋ ಹುಡುಗಿ ನೋಡೋಕೆ?’ ಅಂದ ತಮ್ಮ. ‘ನಾನು ಬೈಕೊಂಡು ಬಿದ್ದಿರ್ತಿದ್ದೆ. ನೀನು ಚೆನ್ನಾಗಿರ್ತಿದ್ದೆ.’

ಅಲ್ಲಿ ಯಾರ್ಯಾರಿದ್ದಾರೆ ಅನ್ನುವುದೂ ತಿಳಿಯದೆ, ಮತ್ತೆ ಕೇಳಿದ. ‘ನಾಳೆ ಬಿಚ್ತಾರೆ. ನಂಗೆ ಏನೂ ಕಾಣದಿದ್ರೆ... ಆಗ ಬಿಟ್ಟು ಹೋಗ್ತೀಯಾ?’

ಉದ್ದಣ್ಣ ಕೆನ್ನೆಯನ್ನು ಅಂಗೈಯಿಂದ ತೆಗೆಯದೆಯೇ ತಲೆಯನ್ನು ಅತ್ತ ಇತ್ತ ಆಡಿಸಿದ. ಇಲ್ಲ. ಮತ್ತೊಮ್ಮೆ, ಇನ್ನೂ ಜೋರಾಗಿ. ಇಲ್ಲ. ತಮ್ಮ ಆ ತಲೆಯನ್ನು ಹಾಗೆಯೇ ಎದೆಗೆ ಎಳೆದುಕೊಂಡ.

ಆ ತಾಯಿ ಎಲ್ಲವನ್ನೂ ನೋಡಿದರು. ಮಗನನ್ನು ಕರೆಯಲು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

‘ಇಲ್ಲಿ ಕುರ್ಚಿ ಎಲ್ಲಿ ಸಿಗತ್ತಮ್ಮ?’ ಅಂದರು. ‘ನೆಲ ತಣ್ಣಗಿದೆ. ಇವನು ಈಗ್ಲೇ ಏಳೋ ಹಾಗೆ ಕಾಣ್ತಿಲ್ಲ.’

ನಾನು ಕುರ್ಚಿ ತರಲು ಹೋದೆ.